ಬೆನ್ನು ತಿರುಗಿಸುವ ಊರಿನ ಗಂಟೆ

ಇತ್ತ ಸರಿದು ಕೂತುಕೊಳ್ಳಿ. ಇನ್ನೂ ಸ್ವಲ್ಪ. ಬಾಗಿಲು ಸುಮ್ಮನೆ ಮುಂದೆ ಮಾಡಿದರೆ ಸಾಕು, ಅಗಳಿ ಹಾಕಬೇಡಿ. ಅಗಳಿ ಬಿದ್ದ ಸದ್ದಾದರೆ ಒಳಗೇನೋ ನಡೆದಿದೆ ಅಂತ ಬೀದಿಗೆಲ್ಲ ತಿಳಿಯುತ್ತೆ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಬೇಕು, ಆಣೆ. ಇದುವರೆಗೆ ಯಾರ ಕಿವಿಗೂ ಬಿದ್ದಿಲ್ಲ. ಹಾಲಿನವಳ ಕಿವಿಗೆ ಬಿದ್ದಿದೆ, ಅದು ಬೇರೆ. ಅವಳ ಜೊತೆಗೆ ಅವಳ ನಾದಿನಿ ನಿಂತಿದ್ದಳು, ನಿಂತವಳನ್ನು ಅತ್ತ ಹೋಗು ಅನ್ನೋಕಾಗುತ್ತಾ? ಅವರಿಬ್ಬರನ್ನು ಬಿಟ್ಟರೆ ನೀವೇ.

ಒಂದು ಊರಿತ್ತು. ಊರು ಅಂದರೂ ಅದೇ, ದೇಶ ಅಂದರೂ ಅದೇ, ಅಷ್ಟು ಚಿಕ್ಕದು. ಒಂದು ತುದಿಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ತುದಿಯಲ್ಲಿ ಸೀನುತ್ತಿದ್ದರು. ಸುತ್ತ ಇದ್ದ ದೇಶಗಳಿಗೆಲ್ಲ ಒಂದನ್ನು ಕಂಡರೆ ಒಂದಕ್ಕಾಗದು. ನಡುವೆ ಈ ಊರು, ಸೆರಗು ಮುದುರಿಕೊಂಡು ಕೂತಿತ್ತು. ಊರಬಾಗಿಲ ಕಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಕೆತ್ತಿಸಿ, ಅಕ್ಷರದ ಗುಳಿಗೆ ಸುಣ್ಣ ತುಂಬಿಸಿದ್ದರು: "ನಾವು ಯಾರ ಕಡೆಯೂ ಅಲ್ಲ."

ಆ ಊರಿಗೆ ಒಂದೇ ಕಟ್ಟಳೆ. ಎಲ್ಲಿ ಜಗಳವೋ ಅಲ್ಲಿಗೆ ಬೆನ್ನು. ಗಂಡ ಹೆಂಡತಿ ಜಗಳವಾಡಿದರೆ ಮನೆಮಂದಿಯೆಲ್ಲ ಗೋಡೆಗೆ ಮುಖ. ಬೀದಿಯಲ್ಲಿ ಜಗಳವಾದರೆ ಬೀದಿಯೆಲ್ಲ ಗೋಡೆಗೆ ಮುಖ. ಕಂಡವನು ಸಾಕ್ಷಿಯಾಗುತ್ತಾನೆ, ಸಾಕ್ಷಿಯಾದವನು ಒಂದು ಕಡೆಯವನಾಗುತ್ತಾನೆ, ಆದ್ದರಿಂದ ಕಾಣಲೇಬಾರದು. ಹಾಗೆ ತಿರುಗಿ ತಿರುಗಿ ಆ ಊರಿನವರ ಬೆನ್ನು ಮುಖಕ್ಕಿಂತ ಚೆನ್ನಾಗಿತ್ತಂತೆ. ಹೆಣ್ಣು ನೋಡಲು ಬಂದವರು ಮೊದಲು ಬೆನ್ನು ನೋಡಿ, ಆಮೇಲೆ ಮುಖ ಕೇಳುತ್ತಿದ್ದರು.

ಊರ ನಡುವೆ ಒಂದು ಬಯಲು, ಅಂಗೈ ಹಾಗೆ ಸಪಾಟು. ಹೆಂಗಸರು ಅಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ಬಯಲಿನ ಪಕ್ಕದ ದಿಬ್ಬದ ಮೇಲೆ ಒಂದು ಗಂಟೆ. ಎಮ್ಮೆ ಕರು ಒಳಗೆ ನಿಲ್ಲಬಹುದು, ಅಷ್ಟು ದೊಡ್ಡದು. ಅದನ್ನು ಹೊಡೆಯುವವಳು ಗಂಟೆಯವ್ವ. ಅವಳ ಅತ್ತೆ ಹೊಡೆದಿದ್ದಳು, ಅತ್ತೆಯ ಅತ್ತೆ ಹೊಡೆದಿದ್ದಳು, ಈಗ ಇವಳು. ಜಗಳ ಶುರುವಾದರೆ ಒಂದು ಗಂಟೆ, ಊರು ಬೆನ್ನು ತಿರುಗಿಸುತ್ತಿತ್ತು. ಜಗಳ ಮುಗಿದರೆ ಎರಡನೇ ಗಂಟೆ, ಊರು ಮುಂದಕ್ಕೆ ತಿರುಗುತ್ತಿತ್ತು. ಗಂಟೆಯವ್ವನಿಗೆ ಅದರ ಜಂಬ ಇತ್ತು, ಇಲ್ಲ ಅನ್ನೋ ಹಾಗಿಲ್ಲ. ತಾನು ಹಗ್ಗ ಎಳೆಯದಿದ್ದರೆ ಯಜಮಾನನಿಗೂ ಯಾವ ಕಡೆ ಮುಖ ಮಾಡಬೇಕು ಅಂತ ತಿಳಿಯಲ್ಲ ಅಂತ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಯಜಮಾನ ಅಂದರೆ ಊರಿಗೆ ದೊಡ್ಡವನು. ಬೆಳ್ಳಗಿನ ಮೀಸೆ, ಮೆಲ್ಲಗಿನ ಮಾತು.

ಅವಳಿಗೆ ಒಬ್ಬಳೇ ಮಗಳು. ಗುಡ್ಡದಾಚೆ ಊರಿಗೆ ಕೊಟ್ಟಿದ್ದಳು. ಆಗಿನ್ನೂ ಆಚೆಯೂರಿನ ಮೇಲೆ ಯಾರೂ ಏರಿ ಬಂದಿರಲಿಲ್ಲ. ದೂರದ ಸಂಬಂಧ ಬೇಡವೆಂದು ಹತ್ತಿರಕ್ಕೆ ಕೊಟ್ಟದ್ದು. ಕಳಿಸುವಾಗ ಮಗಳ ತಲೆ ಸವರಿ, "ಅಳಬೇಡ ಮಗಾ, ನನ್ನ ಗಂಟೆ ಅಲ್ಲಿಗೂ ಕೇಳುತ್ತೆ," ಅಂದಿದ್ದಳು.

ಹೀಗಿರುವಾಗ ಸಮುದ್ರದಾಚೆಯ ಒಂದು ಭಾರಿ ದೇಶಕ್ಕೂ ಗುಡ್ಡದಾಚೆಯ ಊರಿಗೂ ಕೆಟ್ಟಿತು. ಯಾಕೆ ಕೆಟ್ಟಿತು ಅಂತ ಕೇಳಬೇಡಿ, ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಆಕಾಶದಿಂದ ಒಂದು ಕಬ್ಬಿಣದ ಹಕ್ಕಿ ಇಳಿದು ಸಂಡಿಗೆಯ ಮೇಲೆಲ್ಲ ಓಡಾಡಿ ನಿಂತಿತು. ಅದರ ಹೊಟ್ಟೆಗೆ ಟಾರ್ಪಾಲು ಸುತ್ತಿತ್ತು. ಒಳಗಿನಿಂದ ಹಕ್ಕಿಯವರ ಸರದಾರ ಇಳಿದು ಬಂದು ಯಜಮಾನನ ಮುಂದೆ ಕೈಮುಗಿದ.

"ಯಜಮಾನರೇ, ನಮ್ಮ ಹಕ್ಕಿಗೆ ದಾರಿ ದೂರ. ಬಾಯಾರುತ್ತೆ. ನಿಮ್ಮ ಬಯಲಲ್ಲಿ ಒಂದು ಗಳಿಗೆ ಕೂತು, ಎಣ್ಣೆ ಕುಡಿದು, ಎದ್ದು ಹೋಗುತ್ತೆ. ಅಷ್ಟೇ."

"ಎಲ್ಲಿಗೆ ಹೋಗುತ್ತೆ?"

"ಗುಡ್ಡದಾಚೆಗೆ."

"ಹೊಟ್ಟೆಯಲ್ಲೇನಿದೆ?"

ಸರದಾರ ಟಾರ್ಪಾಲಿನ ಕಡೆ ನೋಡಿದ, ಆಕಾಶದ ಕಡೆ ನೋಡಿದ, ಕೊನೆಗೆ ಯಜಮಾನನ ಹಿತ್ತಲಿನ ಬಳ್ಳಿ ಕಣ್ಣಿಗೆ ಬಿತ್ತು. "ಕುಂಬಳಕಾಯಿ," ಅಂದ.

"ಒಳ್ಳೆಯದು," ಅಂದ ಯಜಮಾನ. "ಮೈಗೆ ತಂಪು."

ಆಮೇಲೆ ಯೋಚನೆ ಹತ್ತಿತು. ಬೇಡ ಅಂದರೆ ಆಚೆಯೂರಿನ ಕಡೆಯವರಾಗುತ್ತೇವೆ. ಬಾ ಅಂದರೆ ಹಕ್ಕಿಯ ಕಡೆಯವರಾಗುತ್ತೇವೆ. ಹಾಗಾದರೆ ಏನು ಮಾಡುವುದು? ಕಟ್ಟಳೆ ಇದೆಯಲ್ಲ! ಹಕ್ಕಿ ಬಂದರೆ ಗಂಟೆ, ಗಂಟೆಯಾದರೆ ಬೆನ್ನು. ಬಂದದ್ದನ್ನು ಕಾಣದವರು ಬಾ ಅಂದಿದ್ದು ಹೇಗೆ? ಸರದಾರನಿಗೆ ಎಷ್ಟು ಖುಷಿಯಾಯಿತು ಅಂದರೆ ಮುಂದಿನ ಸಲ ಬರುವಾಗ ಯಜಮಾನನಿಗೆ ಒಂದು ತಿರುಗುವ ಕುರ್ಚಿ ತಂದುಕೊಟ್ಟ. ಎದ್ದು ತಿರುಗುವ ಶ್ರಮವೂ ಬೇಡ; ಕಾಲಿನಿಂದ ನೆಲ ಒದ್ದರೆ ಆಯಿತು, ಕುರ್ಚಿಯೇ ಗೋಡೆಗೆ ಮುಖ ಮಾಡಿಸುತ್ತಿತ್ತು.

ಅಂದಿನಿಂದ ಹಕ್ಕಿಗಳು ಬರುತ್ತಲೇ ಇದ್ದವು. ಗಂಟೆಯವ್ವ ದಿಬ್ಬದ ಮೇಲೆ ನಿಂತು ಆಕಾಶ ನೋಡುತ್ತಿದ್ದಳು. ಆಕಾಶ ನೋಡಬಹುದು, ನೆಲ ನೋಡಕೂಡದು ಅಂತ ಅವಳಿಗೆ ಕಟ್ಟಳೆ. ಚುಕ್ಕಿ ಕಂಡಿತೋ, ಹಗ್ಗ ಎಳೆಯುತ್ತಿದ್ದಳು. ಗಂಟೆ ಬಾರಿಸಿತು, ಊರು ಬೆನ್ನು ತಿರುಗಿಸಿತು. ರೊಟ್ಟಿ ತಟ್ಟುವವಳು ತಿರುಗಿದಳು. ಕ್ಷೌರದವನು ಅರ್ಧ ಗಡ್ಡಕ್ಕೇ ತಿರುಗಿದ, ಅರ್ಧ ಗಡ್ಡದವನೂ ತಿರುಗಿದ. ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಗಂಟೆಯಾಗಿ, ಮದುಮಗ ಗೋಡೆಗೆ ಮುಖ ಮಾಡಿ, ಹಿಂದಕ್ಕೆ ಕೈ ಚಾಚಿ ಕಟ್ಟಿದ. ಯಾರ ಕೊರಳಿಗೆ ಕಟ್ಟಿದ ಅನ್ನೋದು ಇನ್ನೊಂದು ದಿನಕ್ಕಿರಲಿ, ಆ ಎರಡು ಮನೆಯವರು ಇವತ್ತಿಗೂ ಮಾತಾಡಲ್ಲ.

ಎಲ್ಲರೂ ತಿರುಗಿದ ಮೇಲೆ ಯಜಮಾನ ಗೋಡೆಗೆ ಮುಖ ಮಾಡಿಕೊಂಡೇ ಕೇಳುತ್ತಿದ್ದ:

"ಇಳಿದವರು ಯಾರು?"

"ದಾರಿಹೋಕರು," ಅನ್ನುತ್ತಿದ್ದ ಸರದಾರ.

"ಹೊಟ್ಟೆಯಲ್ಲೇನು?"

"ಕುಂಬಳಕಾಯಿ."

"ಕುಡಿದು ಹೋಗಲಿ. ನಾವು ಕಂಡಿಲ್ಲ."

"ನಾವು ಕಂಡಿಲ್ಲ," ಅನ್ನುತ್ತಿತ್ತು ಊರು, ಗೋಡೆಗೆ.

ಹಕ್ಕಿ ಕುಡಿಯುತ್ತಿತ್ತು, ಗುಡ್ಡದಾಚೆಗೆ ಹೋಗುತ್ತಿತ್ತು, ಆಚೆಯಿಂದ ಗುಡುಗಿನಂಥ ಸದ್ದು ಬರುತ್ತಿತ್ತು, ಹಕ್ಕಿ ಹಗುರಾಗಿ ಹಿಂದಿರುಗಿ ಇನ್ನೊಮ್ಮೆ ಕುಡಿದು ತನ್ನ ದೇಶಕ್ಕೆ ಹಾರುತ್ತಿತ್ತು. ಆಗ ಗಂಟೆಯವ್ವ ಎರಡನೇ ಗಂಟೆ ಹೊಡೆಯುತ್ತಿದ್ದಳು. ಊರು ಮುಂದಕ್ಕೆ ತಿರುಗಿ, ತಣ್ಣಗಾದ ಅನ್ನ ಉಣ್ಣುತ್ತಿತ್ತು.

ಆದರೆ ಎಷ್ಟು ಹೊತ್ತು ಅಂತ ಸುಣ್ಣದ ಗೋಡೆ ನೋಡೋದು, ನೀವೇ ಹೇಳಿ! ಎರಡೂರಿಗೂ ಹೋಗಿಬರುತ್ತಿದ್ದ ಒಬ್ಬ ಕನ್ನಡಿ ಮಾರುವವನು ಇದನ್ನು ಬಲು ಬೇಗ ಗಮನಿಸಿದ. ಮೊದಲು ಒಬ್ಬಳು ಗೋಡೆಗೆ ಅಂಗೈಯಗಲದ ಕನ್ನಡಿ ತೂಗುಹಾಕಿದಳು, ಕುಂಕುಮ ಇಟ್ಟುಕೊಳ್ಳಲು ಅಂತ. ಅವಳ ಓರಗಿತ್ತಿ ಅದಕ್ಕಿಂತ ದೊಡ್ಡದನ್ನು ತಂದಳು. ಆಮೇಲೆ ಗಂಡಸರು ತಂದರು, ಮೀಸೆ ತಿದ್ದಲು ಅಂತ. ಮೀಸೆಯಿಲ್ಲದವರೂ ತಂದರು. ಊರಿನ ಯಾವ ಗೋಡೆ ನೋಡಿದರೂ ಕನ್ನಡಿ, ಯಾವ ಕನ್ನಡಿ ನೋಡಿದರೂ ಬಯಲು.

ಇದು ಕಟ್ಟಳೆಗೆ ಭಂಗವಲ್ಲವೇ ಅಂತ ಯಾರೋ ಕೇಳಿದ್ದಕ್ಕೆ ಯಜಮಾನ ಬೆಳಗಿನಿಂದ ಸಂಜೆಯವರೆಗೂ ಕುರ್ಚಿಯಲ್ಲಿ ಸುತ್ತಿ ಸುತ್ತಿ ತೀರ್ಪು ಕೊಟ್ಟ: "ಕನ್ನಡಿಯಲ್ಲಿ ಎಡ ಬಲವಾಗುತ್ತೆ, ಬಲ ಎಡವಾಗುತ್ತೆ. ಅಂದಮೇಲೆ ಕನ್ನಡಿ ಹೇಳೋದು ಸುಳ್ಳು. ಸುಳ್ಳನ್ನು ಕಂಡರೆ ಕಂಡ ಹಾಗಲ್ಲ." ಅವನ ಮನೆಯ ಕನ್ನಡಿ ಎಲ್ಲರದಕ್ಕಿಂತ ದೊಡ್ಡದು, ಮಾವನ ಮನೆಯಿಂದ ಬಂದದ್ದು. ಅದು ನಿಮಗೆ ಗೊತ್ತಿರಲಿ, ಅಷ್ಟೇ.

ಬಾವಿಕಟ್ಟೆಯಲ್ಲಿ ಮಾತೇ ಮಾತು.

"ಗಾಳಿಗೆ ಟಾರ್ಪಾಲು ಹಾರಿತ್ತು ಕಣೇ. ಅದೆಂಥ ಕುಂಬಳಕಾಯಿಯೋ, ಮೂತಿ ಚೂಪು, ಬಾಲಕ್ಕೆ ರೆಕ್ಕೆ!"

"ನೀನು ನೋಡಿದೆಯಾ?"

"ಛೀ, ನಾನ್ಯಾಕೆ ನೋಡಲಿ? ನನ್ನ ಕನ್ನಡಿ ನೋಡಿತು."

ಗಂಟೆಯವ್ವ ಕೊಡ ತುಂಬಿಸಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದಳು. ಅವಳ ಮನೆಯಲ್ಲಿ ಕನ್ನಡಿ ಇರಲಿಲ್ಲ. ಆ ಚೂಪು ಮೂತಿಯವು ಎಲ್ಲಿಗೆ ಹೋಗುತ್ತವೆ ಅಂತ ಅವಳಿಗೆ ಗೊತ್ತು. ಆಚೆಯಿಂದ ಗುಡುಗಿದಾಗಲೆಲ್ಲ ದೇವರಿಗೆ ಹರಕೆ ಹೊರುತ್ತಿದ್ದಳು. ಕನ್ನಡಿಯವನು ಬಂದಾಗ ಓಡಿಹೋಗಿ, "ನನ್ನ ಮಗಳು?" ಅನ್ನುತ್ತಿದ್ದಳು. "ಇದ್ದಾಳೆ. ಅವ್ವನ ಗಂಟೆ ತಪ್ಪದೆ ಕೇಳುತ್ತೆ ಅಂತ ಹೇಳು ಅಂದಳು," ಅನ್ನುತ್ತಿದ್ದ. ಗಂಟೆಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಾಯಿಯ ನೆನಪು ಎಷ್ಟಿದೆ ನೋಡಿ ಅಂತ ಹಿಗ್ಗುತ್ತಿದ್ದಳು.

ಸರದಾರ ಮಾತ್ರ ಬರಬರುತ್ತಾ ಸಿಡಿಮಿಡಿಯಾದ. ಒಂದು ದಿನ ಯಜಮಾನನ ಬೆನ್ನಿಗೆ ಹೇಳಿದ: "ಏನ್ರೀ ಇದು! ನಿಮ್ಮ ಆಚೆಯೂರಿನವರಿಗೆ ಕುಂಬಳಕಾಯಿ ಸೇರಲ್ವಾ? ನಾವು ಹೋದಾಗಲೆಲ್ಲ ಬೀದಿಯಲ್ಲಿ ಒಂದು ನರಪಿಳ್ಳೆ ಇರಲ್ಲ."

"ಉಂಡು ಮಲಗಿರ್ತಾರೆ," ಅಂದ ಯಜಮಾನ.

"ಬೆಳಗ್ಗೆ ಹೋದರೂ?"

"ಕೆಲವರು ಬೆಳಗ್ಗೆಯೇ ಉಣ್ತಾರೆ."

ಅಷ್ಟರಲ್ಲಿ ಕನ್ನಡಿಯವನು ಇನ್ನೊಂದು ಸುದ್ದಿ ತಂದ. ಮಗಳು ಬಸುರಿ, ದಿನ ತುಂಬುತ್ತಾ ಬಂದಿದೆ. ಚೊಚ್ಚಲ ಹೆರಿಗೆ. ತವರಿಗೆ ಕರೆತರದಿದ್ದರೆ ಲೋಕ ಏನಂದೀತು! ಲೋಕ ಹಾಳಾಗಲಿ, ಗುಡುಗಿನ ಕೆಳಗೆ ಹೆರುವುದು ಹೇಗೆ? ಗಂಟೆಯವ್ವ ಎಣ್ಣೆ ಹಾಕಿ ತಲೆ ಬಾಚಿಕೊಂಡು ಯಜಮಾನನ ಹತ್ತಿರ ಹೋದಳು.

"ಅಯ್ಯಾ, ಮಗಳಿಗೆ ದಿನ ತುಂಬಿದೆ. ಬಾಣಂತನಕ್ಕೆ ಕರ್ಕೊಂಡು ಬರ್ತೀನಿ."

"ಎಲ್ಲಿಂದ?"

"ಗುಡ್ಡದಾಚೆಯಿಂದ. ನೀವೇ ನಿಂತು ಧಾರೆ ಎರೆಸಿದ್ದಲ್ವಾ, ಮರೆತುಹೋಯ್ತಾ?"

ಯಜಮಾನ ನೆಲ ಒದ್ದ. ಕುರ್ಚಿ ಗೋಡೆಗೆ ತಿರುಗಿತು. "ಆಗಲ್ಲ ಕಣವ್ವ. ಆಚೆಯವಳನ್ನು ಒಳಗೆ ಬಿಟ್ಟರೆ ನಾವು ಅವರ ಕಡೆ ಅಂತಾಗುತ್ತೆ. ಕಲ್ಲಿನ ಮೇಲೆ ಏನು ಕೆತ್ತಿದೆ, ನೋಡಿಲ್ವಾ?"

"ಹಕ್ಕಿ ಇಳೀತವಲ್ಲ ಅಯ್ಯಾ, ದಿನ ಬೆಳಗಾದರೆ?"

"ಯಾವ ಹಕ್ಕಿ?"

ಗಂಟೆಯವ್ವ ಗೋಡೆಗೆ ತಿರುಗಿದ ಕುರ್ಚಿಗೆ ಬಯಲಿನ ಕಡೆ ಕೈ ತೋರಿಸಿದಳು.

"ನೋಡು," ಅಂದ ಯಜಮಾನ, ಸಮಾಧಾನದ ದನಿಯಲ್ಲಿ. "ಕಾಣದ್ದು ಏನು ಬೇಕಾದರೂ ಬರಲಿ, ಹೋಗಲಿ. ಆದರೆ ನಿನ್ನ ಮಗಳು ಬರೋದನ್ನು ಊರು ಕಾಣದೆ ಇರುತ್ತಾ? ಯಾರೂ ಕಾಣದ ಹಾಗೆ ಬರೋದಾದರೆ ಬರಲಿ. ನಾನ್ಯಾಕೆ ಬೇಡ ಅನ್ನಲಿ? ಕಂಡುಬಿಟ್ಟರೆ ಮಾತ್ರ ಅವಳ ಜೊತೆ ನೀನೂ ಕಲ್ಲಿನಾಚೆ. ಗಂಟೆ ಬೇರೆಯವರಿಗೆ."

ಅವಳು ದಿಬ್ಬ ಹತ್ತಿ ಬಂದು ಗಂಟೆಯ ಕೆಳಗೆ ಕೂತಳು. ಯಾರೂ ಕಾಣದ ಹಾಗೆ. ಯಾರೂ ಕಾಣದ ಹಾಗೆ. ಆ ಮಾತನ್ನು ಎಲೆಅಡಿಕೆ ಹಾಗೆ ಜಗಿದಳು, ಜಗಿದಳು. ಜಗಿಯುತ್ತಾ ತಲೆಯೆತ್ತಿದರೆ ಹಗ್ಗ ಮೂಗಿನ ಮುಂದೆಯೇ ತೂಗುತ್ತಿತ್ತು. ಗಂಟೆಯವ್ವ ಎಂದೂ ನಕ್ಕವಳಲ್ಲ ಅಂತಾರೆ. ಅವತ್ತು ಎಲೆಅಡಿಕೆ ರಸ ಸೋರುವ ಹಾಗೆ ನಕ್ಕಳಂತೆ.

ಕನ್ನಡಿಯವನ ಕೈಯಲ್ಲಿ ಹೇಳಿಕಳಿಸಿದಳು: "ಸೋಮವಾರ ಹೊತ್ತೇರುವ ಮುಂಚೆ ಮಗಳನ್ನು ಕರ್ಕೊಂಡು ಬೀಗಿತ್ತಿ ಗಡಿಯ ಜಾಲಿಮರದ ಕೆಳಗೆ ಬಂದು ಕೂತಿರಲಿ. ಗಂಟೆ ಕೇಳಿದ ಮೇಲೆ ಎದ್ದು ಬಯಲಿನ ಮೇಲೆ ನೆಟ್ಟಗೆ ನಡೆದು ಬರಲಿ."

ಸೋಮವಾರ ಬಂತು. ಆಕಾಶ ತೊಳೆದಿಟ್ಟ ತಟ್ಟೆ, ಒಂದು ಕಾಗೆಯೂ ಇಲ್ಲ. ಗಂಟೆಯವ್ವ ಹಗ್ಗ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಅತ್ತೆಯಾಗಲಿ ಅತ್ತೆಯ ಅತ್ತೆಯಾಗಲಿ ಇಲ್ಲದ ಜಗಳಕ್ಕೆ ಗಂಟೆ ಹೊಡೆದವರಲ್ಲ. ಯಾರಾದರೂ ಒಬ್ಬರು "ಹಕ್ಕಿ ಎಲ್ಲಿ?" ಅಂದರೆ ಸಾಕು, ತಾಯಿಗೂ ಮಗಳಿಗೂ ಗುಡುಗಿನ ಕೆಳಗಿನ ಬದುಕೇ ಗತಿ. ಕಣ್ಣು ಮುಚ್ಚಿ ಎಳೆದಳು.

ಗಂಟೆ ಬಾರಿಸಿತು, ಊರು ಬೆನ್ನು ತಿರುಗಿಸಿತು.

ಮೊದಲು ಎಲ್ಲರಿಗೂ ಗಲಿಬಿಲಿ. "ಸದ್ದೇ ಇಲ್ಲವಲ್ಲ," ಅಂದಳು ರೊಟ್ಟಿಯವಳು ತನ್ನ ಗೋಡೆಗೆ.

"ಹೊಸ ಥರದ ಹಕ್ಕಿ ಇರಬೇಕು," ಅಂದ ಕ್ಷೌರದವನು ತನ್ನ ಗೋಡೆಗೆ. "ಸದ್ದಿಲ್ಲದ್ದು ಬಂದಿದೆಯಂತೆ ಈಗ."

ಆಮೇಲೆ ಕನ್ನಡಿಗಳಲ್ಲಿ ಕಂಡಿತು. ಬಯಲಿನ ಆ ತುದಿಯಿಂದ ಇಬ್ಬರು ಹೆಂಗಸರು. ಒಬ್ಬಳ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ. ಇನ್ನೊಬ್ಬಳು ಸೊಂಟಕ್ಕೆ ಕೈ ಕೊಟ್ಟುಕೊಂಡು, ಹೊಟ್ಟೆಗೆ ಕಂಬಳಿ ಸುತ್ತಿಕೊಂಡು, ಮೆಲ್ಲಗೆ, ತೂಗುತ್ತಾ. ಎಲ್ಲ ಕನ್ನಡಿಯಲ್ಲೂ ಅವಳೇ. ಊರವರೆಲ್ಲ ಎತ್ತಿ ಆಡಿಸಿದ ಹುಡುಗಿ. ರೊಟ್ಟಿಯವಳ ಬಾಯಿಂದ "ಅಯ್ಯೋ, ಎಷ್ಟು ಇಳಿದುಹೋಗಿದ್ದಾಳೆ," ಅಂತ ಬಂದೇಬಿಟ್ಟಿತ್ತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಕಂಡೆ ಅಂದರೆ ತಾನೇ ಕಟ್ಟಳೆ ಮುರಿದವಳು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ತನ್ನ ತನ್ನ ಕನ್ನಡಿಯಲ್ಲಿ ಕಣ್ಣರಳಿಸಿ ನಿಂತಿತ್ತು.

ಯಜಮಾನನ ದೊಡ್ಡ ಕನ್ನಡಿಯಲ್ಲಿ ಅವನ ಮುಖ ಬದನೆಕಾಯಿಯಾಗಿತ್ತು. ಆದರೂ ಗಂಟೆಯಾಗಿದೆ, ಕೇಳಲೇಬೇಕು.

"ಇಳಿದವರು ಯಾರು?"

ಉತ್ತರ ಕೊಡಲು ಸರದಾರ ಎಲ್ಲಿದ್ದಾನೆ? ಮಗಳು ಬಯಲಿನ ನಡುವೆ ನಿಂತಳು. ಗಂಟೆಯವ್ವ ದಿಬ್ಬದ ಮೇಲಿಂದ ದನಿ ದಪ್ಪ ಮಾಡಿ ಕೂಗಿದಳು:

"ದಾರಿಹೋಕರು!"

"ಹೊಟ್ಟೆಯಲ್ಲೇನು?"

"ಕುಂಬಳಕಾಯಿ!"

ಎಲ್ಲೋ ಒಂದು ಕನ್ನಡಿ ಕಿಸಕ್ಕೆಂದಿತು. ಯಜಮಾನನಿಗೆ ತಡೆಯಲಾಗಲಿಲ್ಲ, ಕಟ್ಟಳೆಯಲ್ಲಿಲ್ಲದ ಪ್ರಶ್ನೆ ಕೇಳಿದ.

"ಎಷ್ಟಿವೆ?"

"ಒಂದೇ. ಚೆನ್ನಾಗಿ ಬಲಿತಿದೆ. ಇವತ್ತೋ ನಾಳೆಯೋ ಅಂತಿದೆ."

ಇದು ಹಕ್ಕಿಯಲ್ಲ ಅನ್ನಬೇಕು. ಅಂದರೆ, ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ. ಇದು ಕುಂಬಳಕಾಯಿಯಲ್ಲ ಅನ್ನಬೇಕು. ಅಂದರೆ, ಇಷ್ಟು ದಿನದ ಕುಂಬಳಕಾಯಿ ಏನು ಅಂತ ಕೇಳುತ್ತಾರೆ. ಯಜಮಾನ ಕುರ್ಚಿಯ ಕೈಗಳನ್ನು ಹಿಡಿದುಕೊಂಡು ನಿಟ್ಟುಸಿರುಬಿಟ್ಟ.

"ಕುಡಿದು ಹೋಗಲಿ. ನಾವು ಕಂಡಿಲ್ಲ."

"ಹೋಗೋದು ಸ್ವಲ್ಪ ತಡ ಆಗುತ್ತೆ ಅಯ್ಯಾ," ಅಂತ ಕೂಗಿದಳು ಗಂಟೆಯವ್ವ. "ರೆಕ್ಕೆ ನೋವಂತೆ!"

"ನಾವು ಕಂಡಿಲ್ಲ," ಅಂದಿತು ಊರು, ಎಂದೂ ಇಲ್ಲದ ಸಡಗರದಿಂದ. ಮಗಳು ಬಯಲು ದಾಟಿದಳು, ತವರಿನ ಹೊಸಿಲು ದಾಟಿದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೀಗಿತ್ತಿ ಸೊಸೆಯನ್ನು ಒಳಗೆ ಬಿಟ್ಟು ನೆಟ್ಟಗೆ ದಿಬ್ಬ ಹತ್ತಿದಳು. ಅವಳದು ಹೊಲದಿಂದ ಹೊಲಕ್ಕೆ ಕೇಳುವ ಗಂಟಲು. ಗಂಟೆಯವ್ವ ಕಟ್ಟಳೆ ಪ್ರಕಾರ ಗಂಟೆಯ ಕಂಬಕ್ಕೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಿದ್ದಳು. ಆಚೆಯೂರಿನವಳಿಗೆ ಬೆನ್ನಿನ ಜೊತೆ ಮಾತಾಡಿ ಅಭ್ಯಾಸವಿಲ್ಲ. ಸುತ್ತಿಕೊಂಡು ಬಂದು ಕಂಬಕ್ಕೂ ಗಂಟೆಯವ್ವನಿಗೂ ನಡುವೆ ತೂರಿ, ಮೂಗಿಗೆ ಮೂಗು ತಾಗುವ ಹಾಗೆ ನಿಂತಳು. ಗಂಟು ಬಿಚ್ಚಿ ಒಂದು ಹಸಿರು ಸೀರೆ ತೆಗೆದಳು.

"ತಗೋ ಬೀಗಿತ್ತೀ. ಊರೆಲ್ಲ ಸೇರಿ ಕೊಟ್ಟಿದ್ದು."

"ನನಗ್ಯಾಕೇ ಸೀರೆ?"

"ಯಾಕೆ ಅಂತೀಯಲ್ಲ! ನಿನ್ನ ಗಂಟೆ ಕೇಳಿದ ಕೂಡಲೇ ನಾವೆಲ್ಲ ರಾಗಿ ತುಂಬೋ ಹಗೇವಿಗೆ ಇಳಿದುಬಿಡ್ತೀವಿ. ಮಕ್ಕಳು, ಮುದುಕರು, ನಾಯಿ ಸಮೇತ. ಹಕ್ಕಿ ಇಲ್ಲಿ ಎಣ್ಣೆ ಕುಡಿದು ಏಳೋ ಹೊತ್ತಿಗೆ ನಾವು ನೆಲದೊಳಗೆ. ಹೆಂಚು ಹೋಗಿದೆ, ಗೋಡೆ ಹೋಗಿದೆ, ಜೀವ ಒಂದೂ ಹೋಗಿಲ್ಲ. ಬೆನ್ನೂರಿನಲ್ಲಿ ನಮ್ಮ ಕಡೆಯವಳು ಒಬ್ಬಳಿದ್ದಾಳೆ ಅಂತ ದಿನಾ ನಿನ್ನ ಹೆಸರಲ್ಲಿ ದೀಪ ಹಚ್ತಾರೆ."

ಗಂಟೆಯವ್ವನಿಗೆ ಮಗಳು ಹೇಳಿಕಳಿಸುತ್ತಿದ್ದ ಮಾತಿನ ಅರ್ಥ ಈಗ ತಿಳಿಯಿತು. ಊರಿಗೆ ಊರೇ ಕೇಳಿಸಿಕೊಳ್ಳುತ್ತಿದೆ ಅಂತಲೂ ತಿಳಿಯಿತು. ಕಣ್ಣಿಗೆ ಗೋಡೆ ಇತ್ತು, ಕಿವಿಗೆ ಏನೂ ಇರಲಿಲ್ಲ. ಕಿವಿಯ ವಿಷಯ ಕಟ್ಟಳೆಯಲ್ಲಿ ಒಂದಕ್ಷರವೂ ಇಲ್ಲ. ಕೆಳಗೆ ಯಜಮಾನನ ಕುರ್ಚಿ ಕಿರ್ರೆಂದು ಪೂರ್ತಿ ಒಂದು ಸುತ್ತು ಸುತ್ತಿ ಮತ್ತೆ ಗೋಡೆಗೇ ಬಂದು ನಿಂತಿತು. ಉಂಡು ಮಲಗಿದವರ ಸುದ್ದಿ ಅವನಿಗೂ ತಿಳಿಯಿತಲ್ಲ! ಗಂಟೆ ನಿಲ್ಲಿಸು ಅಂತ ಬಾಯಿ ತೆರೆದ. ಗಂಟೆ ನಿಂತರೆ ಊರು ಬೆನ್ನು ತಿರುಗಿಸುವುದು ಹೇಗೆ? ತಿರುಗಿಸದಿದ್ದರೆ ಹಕ್ಕಿಯನ್ನು ಕಂಡ ಹಾಗಾಗಲಿಲ್ಲವೇ? ಬಾಯಿ ಮುಚ್ಚಿದ. ಬಾಯಿ ತೆರೆದದ್ದೂ ಮುಚ್ಚಿದ್ದೂ ಎಲ್ಲರ ಕನ್ನಡಿಯಲ್ಲೂ ಕಂಡಿತು, ಯಾರೂ ಕಾಣಲಿಲ್ಲ.

"ಮೆಲ್ಲಗೆ ಮಾತಾಡೇ, ನಿನ್ನ ಗಂಟಲಿಗಿಷ್ಟು!" ಅಂದಳು ಗಂಟೆಯವ್ವ. ಕೈ ಮಾತ್ರ ಸೀರೆಯ ಅಂಚನ್ನು ಸವರಿ ನೋಡುತ್ತಿತ್ತು. "ನಾನು ಯಾರ ಕಡೆಯವಳೂ ಅಲ್ಲ. ಊರು ಬೆನ್ನು ತಿರುಗಿಸಲಿ ಅಂತ ಗಂಟೆ ಹೊಡೆಯೋದು, ಅಷ್ಟೇ. ನಮ್ಮ ಅತ್ತೆ ಹೊಡೆದಳು, ಅವಳ ಅತ್ತೆ ಹೊಡೆದಳು."

ಬೀಗಿತ್ತಿ ಸೀರೆಯನ್ನು ಅವಳ ಹೆಗಲಿಗೆ ಹಾಕಿ, ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೇಳಿದಳು:

"ಯಾರ ಕಡೆಗಾದರೂ ಇರು ತಾಯಿ. ಈಗ ಎರಡನೇ ಗಂಟೆ ಹೊಡಿ, ನಮ್ಮೂರು ಇನ್ನೂ ಹಗೇವಿನೊಳಗೆ ಕೂತಿದೆ. ನಾಳೆಯಿಂದ ಮಾತ್ರ ಹಗ್ಗ ಇನ್ನೂ ಸ್ವಲ್ಪ ಜೋರಾಗಿ ಎಳಿ. ನನ್ನ ಗಂಡನಿಗೆ ಕಿವಿ ಮಂದ."